ತೋಳಿಲ್ಲದ ರವಿಕೆ

ಯಳಂದೂರು
೧೧-೨-೧೯೬೯

ಮುಳ್ಳೂರಿನ ಅಕ್ಕ ಮಹಾದೇವಮ್ಮನಿಗೆ ತಂಗಿ ಶಿವರತ್ನಳ ಶರಣು.

ನಾವೆಲ್ಲ ಕ್ಷೇಮ. ನೀನು ಕಳಿಸಿದ ರೇಷ್ಮೆ ಬಟ್ಟೆ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೋಪದಲ್ಲಿ ಬರೆಯಬಾರದೆಂದು ಕಾದೆ. ಕೋಪ ಇಳಿಯಲಿಲ್ಲ, ಬರೆಯುತ್ತಿದ್ದೇನೆ.

ನನ್ನ ಮಗಳು ಮಲ್ಲಾಜಿಯನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಉಣ್ಣುತ್ತ ಉಣ್ಣುತ್ತಲೇ ನಿದ್ದೆ ಹೋಗುತ್ತಾಳೆ, ನಕ್ಕರೆ ಕುಸಿದು ಬೀಳುತ್ತಾಳೆ ಎಂದೆ. ಡಾಕ್ಟರು ಕನ್ನಡಕವನ್ನು ತಲೆಕೆಳಗಾಗಿ ಹಾಕಿಕೊಂಡು ಅವಳನ್ನು ನಗಿಸಿದರು. ಮಂಡಿ ಮಡಿಚಿತು, ಕತ್ತು ಜೋತುಬಿತ್ತು. ಬೀಳದಂತೆ ಹಿಡಿದುಕೊಂಡು ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಸ್ವಲ್ಪ ಹೊತ್ತಿಗೆ ಎದ್ದವಳೇ, "ಕಡ್ಲೆಮಿಠಾಯಿ ಕೊಡ್ತೀನಿ ಅಂದ್ರಲ್ಲ, ಕೊಡಿ ಸಾ" ಅಂದಳು.

ಇದು ಗಾಳಿ ಮೆಟ್ಟಿದ್ದಲ್ಲ, ಸೋಮಾರಿತನವಲ್ಲ, ಮೂರ್ಛೆರೋಗವೂ ಅಲ್ಲವಂತೆ. ನಿದ್ದೆಯದೇ ಒಂದು ಕಾಯಿಲೆ. ಪೂರ್ತಿ ವಾಸಿಯಾಗದು, ಆದರೆ ಹತೋಟಿಗೆ ಬರುತ್ತದೆ. ಬೆಳಿಗ್ಗೆ ಒಂದು ಮಾತ್ರೆ, ಮಧ್ಯಾಹ್ನ ಒಂದು, ಊಟವಾದ ಮೇಲೆ ಸ್ವಲ್ಪ ನಿದ್ದೆ. ಸ್ಕೂಲಿನ ಮೇಡಮ್ಮು ಮೂಲೆಯಲ್ಲಿ ಚಾಪೆ ಹಾಸಿಕೊಟ್ಟಿದ್ದಾರೆ. ಈಗ ಮಗ್ಗಿ ಒಪ್ಪಿಸುತ್ತಾಳೆ.

ನಿನ್ನ ಸುದ್ದಿಗೆ ಬರುತ್ತೇನೆ. ಮಲ್ಲಾಜಿಯ ತೋಳಿನ ಮೇಲಿನ ಎರಡು ಬರೆಗಳನ್ನು ನೋಡಿ ಡಾಕ್ಟರು, "ಯಾರಮ್ಮ ಈ ಕೆಲಸ ಮಾಡಿದ್ದು?" ಎಂದು ಕೇಳಿದರು. ಸುತ್ತ ಡಾಕ್ಟರಿಕೆ ಕಲಿಯುವ ಹುಡುಗರು ನಿಂತಿದ್ದರು. ನಿನ್ನ ಹೆಸರು, ಗಂಡನ ಹೆಸರು, ಊರು ಎಲ್ಲ ಹೇಳಿದೆ. ಇಲ್ಲಿ ನಲ್ಲಿಯ ಹತ್ತಿರವೂ ಹೇಳಿದ್ದೇನೆ. ನೀರಿಗೆ ಬರುವವರು ಬಿಂದಿಗೆ ಇಳಿಸಿ ಕೇಳುತ್ತಾರೆ.

ಅವತ್ತು ನಿಮ್ಮ ರೇಷ್ಮೆ ಹುಳುಮನೆಯಲ್ಲಿ ಭಾವನ ಮೀಸೆಯ ಮೇಲೆ ಹುಳ ಬಿಟ್ಟು ಅವಳನ್ನು ನಗಿಸಿದವಳು ನೀನೇ. ನಕ್ಕು ಹುಳದ ತಟ್ಟೆಯ ಮೇಲೆ ಬಿದ್ದಳು, ನಾಲ್ಕು ಹುಳ ಸತ್ತವು. ಅಷ್ಟಕ್ಕೇ ನೀನು ಅಗ್ಗಿಷ್ಟಿಕೆಯಲ್ಲಿ ಕಾಯುತ್ತಿದ್ದ ಇಕ್ಕಳ ತೆಗೆದೆ. ಆಮೇಲೆ ನನಗೆ ಹೇಳಿದ್ದೇನು? "ಮಗೀಗೆ ಗೊತ್ತೇ ಆಗ್ನಿಲ್ಲ ಕಣೆ, ಕಮಕ್ ಕಿಮಕ್ ಅನ್ನಿಲ್ಲ. ಗಾಳಿ ಮೆಟ್ಕಂಡಿತ್ತು, ಬುಡುಸ್ದೆ." ಹುಳ ಪೊರೆ ಬಿಡಲು ಜ್ವರಕ್ಕೆ ಕೂತು ಮಲಗಿದರೆ ಮನೆಯವರನ್ನೆಲ್ಲ ತುದಿಗಾಲಲ್ಲಿ ಓಡಾಡಿಸುವವಳು ನೀನು! ನನ್ನ ಮಗು ಮಲಗಿದ್ದು ನಿನ್ನ ಕಣ್ಣಿಗೆ ಚುಚ್ಚಿತೇ?

ನಿನ್ನ ಮಗಳ ಮದುವೆಗೆ ಖಂಡಿತ ಬರುತ್ತೇವೆ. ಮಲ್ಲಾಜಿಯ ರವಿಕೆಯ ತೋಳು ಮುಂಗೈವರೆಗೂ ಇರಲಿ, ಬೀಗರು ನೋಡುತ್ತಾರೆ ಎಂದು ಬರೆದಿದ್ದೀಯಲ್ಲ. ಟೈಲರ್ ಪುಟ್ಟಮಾದಪ್ಪನಿಗೆ ತೋಳೇ ಬೇಡ ಅಂದೆ. "ಒಳ್ಳೆ ರೇಷ್ಮೆ, ಬಟ್ಟೆ ಉಳ್ಕತದೆ ಕಣವ್ವ" ಅಂದ. ಉಳಿಯಲಿ ಬಿಡು ಅಂದೆ. ಉಳಿದ ತುಂಡನ್ನು ಇದರ ಜೊತೆ ಕಳಿಸಿದ್ದೇನೆ, ಮುಖ ಮುಚ್ಚಿಕೊಳ್ಳಲು ಬೇಕಾದೀತು. ಮುಂದಿನ ಸಾಲಿನಲ್ಲೇ ಕೂರುತ್ತೇವೆ. ಬೀಗಿತ್ತಿ ಏನಿದು ಎಂದು ಕೇಳಲಿ, ಸಾಕು.

ಭಾವನಿಗೆ ಶರಣು ಹೇಳು. ನಿನ್ನ ಮಗಳು ನೂರು ವರ್ಷ ಮುತ್ತೈದೆಯಾಗಿ ಬಾಳಲಿ. ಹುಟ್ಟುವ ಮಕ್ಕಳನ್ನು ಮಾತ್ರ ನಿನ್ನ ಕೈಗೆ ಕೊಡದಿರಲಿ.

ಇಂತಿ ನಿನ್ನ ತಂಗಿ,
ಶಿವರತ್ನ

ಬಿಟ್ಟ ಮಾತು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಮೈಸೂರಿನಿಂದ ಬರುವಾಗ ಬಸ್ಸಿನಲ್ಲಿ ಮಲ್ಲಾಜಿ ಹೇಳಿದಳು: "ಬಿದ್ದಾಗ ಎಲ್ಲಾ ಕೇಳುಸ್ತದೆ ಕಣವ್ವ. ಅವತ್ತೂ ಕೇಳುಸ್ತಿತ್ತು. ಬ್ಯಾಡ ದೊಡ್ಡವ್ವ, ಬ್ಯಾಡ ದೊಡ್ಡವ್ವ ಅಂತ ಒಳ್ಗೇ ಕೂಗ್ತಿದ್ದೆ, ಬಾಯೇ ಬರ್ನಿಲ್ಲ. ಅರಚ್ನಿಲ್ಲ ನೋಡು, ಇನ್ನೊಂದಿಕ್ತೀನಿ ಅಂದ್ಲು ದೊಡ್ಡವ್ವ." ಅವಳಿಗೆ ಪೂರ್ತಿ ಎಚ್ಚರವಿತ್ತು, ಅಕ್ಕ. ಇನ್ನು ನೀನು ಹೇಗೆ ನಿದ್ದೆ ಮಾಡುತ್ತೀಯೋ ಮಾಡು.