ನಾಲ್ಕೂ ಹತ್ತರ ಕೂಗು

ಜೂನ್ 9, ಮಂಗಳವಾರ

ಭಾವನವರಿಗೆ ನಿಮ್ಮ ತಂಗಿಯ ಗಂಡ ಮಾಡುವ ನಮಸ್ಕಾರ.

ಹದಿನಾರು ವರ್ಷದ ಮೇಲೆ ಈ ಕೈಬರಹ ಕಂಡು ಲಕೋಟೆ ಒಡೆಯದೆ ಇಟ್ಟುಬಿಡುತ್ತೀರೇನೋ ಎಂಬ ಅಳುಕಿದೆ. ಒಡೆದಿದ್ದರೆ ದಯವಿಟ್ಟು ಪೂರ್ತಿ ಓದಿ. ಪತ್ರವೆಂದರೆ ಕಮ್ ಟು ದಿ ಪಾಯಿಂಟ್ ಎನ್ನುತ್ತಿದ್ದರು ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು. ನನಗೆ ಆ ಪಾಯಿಂಟಿಗೆ ಬರುವುದೇ ಕಷ್ಟ. ಇದು ನಾಲ್ಕನೆಯ ಹಾಳೆ, ಮೊದಲ ಮೂರು ಕಸದ ಬುಟ್ಟಿಯಲ್ಲಿವೆ.

ವಿಷಯ ಇಷ್ಟೆ. ನಮ್ಮ ಊಟದ ಮೇಜಿನ ಮೇಲೆ ಈಗ ರೈಲು ಓಡುತ್ತದೆ. ಗೇಣುದ್ದದ ಉಗಿ ಎಂಜಿನ್ನು, ನೀವು ಓಡಿಸುತ್ತಿದ್ದದ್ದರ ಪಡಿಯಚ್ಚು. ಹೊಟ್ಟೆಯೊಳಗೆ ಉಗುರಿನಷ್ಟು ಎಲೆಕ್ಟ್ರಾನಿಕ್ ಚಿಪ್ಪು, ಅಂಗಿ ಗುಂಡಿಯಷ್ಟು ಸ್ಪೀಕರು. ಚಿಪ್ಪಿನಲ್ಲಿ ಹದಿನಾರು ಬಗೆಯ ವಿಷಲ್ ಇವೆ. ರಿಮೋಟಿನಲ್ಲಿ ನಂಬರು ಬದಲಿಸಿದರೆ ಕೂಗು ಬದಲಾಗುತ್ತದೆ. ಏಳನೆಯದು ನಿಮ್ಮದಕ್ಕೆ ಹತ್ತಿರ. ಸದ್ದು ಏರಿಸಿದರೆ ಸ್ಪೀಕರು ಗೊರಗುಟ್ಟುತ್ತದೆ, ಇಳಿಸಿದರೆ ಸೊಳ್ಳೆ.

ಈ ವಯಸ್ಸಿನಲ್ಲಿ ಇದೇನು ಆಟ ಎನ್ನಬೇಡಿ. ತಂದದ್ದು ಕಳೆದ ವರ್ಷ, ನಿಮ್ಮ ತಂಗಿ ಹಾಸಿಗೆ ಹಿಡಿದ ಮೇಲೆ. ದಿನಾ ನಾಲ್ಕಾಗುತ್ತಲೇ ಅವಳ ಕಣ್ಣು ಹಿತ್ತಲ ಕಿಟಕಿಗೆ ಹೋಗುತ್ತಿತ್ತು. ಮನೆ ಹಿಂದಿನ ಆ ಹಳಿ ಕಿತ್ತು ಎಷ್ಟೋ ವರ್ಷವಾಯಿತು ಅಂದರೂ ಹೋಗುತ್ತಿತ್ತು. ಮೊದಲ ದಿನ ನಿಮ್ಮ ಗಾಡಿ ಹಾಯುತ್ತಿದ್ದ ಹೊತ್ತಿಗೆ, ನಾಲ್ಕೂ ಹತ್ತಕ್ಕೆ ಸರಿಯಾಗಿ ಗುಂಡಿ ಒತ್ತಿದೆ. ಒಳಗಿಂದಲೇ, ಇದು ಅಣ್ಣ ಅಲ್ಲ ರೀ, ಕುಕ್ಕರು, ಒಲೆ ಆರ್ಸಿ ಅಂದಳು. ಮರುದಿನ ಉದ್ದಕ್ಕೆ ಕೂಗಿಸಿದೆ. ಅಣ್ಣ ಯಾವತ್ತು ಹೀಗೆ ಕಿರುಚ್ಕೊಂಡಿದ್ದ ಅಂದಳು. ಕೊನೆಕೊನೆಗೆ, ಇವತ್ತು ಪರವಾಗಿಲ್ಲ, ಕೂಗಿನ ಬಾಲ ಮಾತ್ರ ಬರ್ಲಿಲ್ಲ ನೋಡಿ, ಅಣ್ಣ ಕೊನೇಲಿ ಕೈ ಹಾಗೇ ಇಳಿಸ್ತಿದ್ದ ಅಂದಳು. ಬಾಲ ಬರುವಷ್ಟರಲ್ಲಿ ಅವಳೇ ಹೊರಟುಹೋದಳು.

ಏಳು ತಿಂಗಳಾಯಿತು. ನಾನಿನ್ನೂ ಅದನ್ನೇ ಹಿಡಿದು ಕೂತಿದ್ದೇನೆ. ಗುಂಡಿ ಬಿಟ್ಟರೆ ಕೂಗು ಕತ್ತರಿಸಿದ ಹಾಗೆ ನಿಲ್ಲುತ್ತದೆ ಅಂತ ಪುಟ್ಟ ಹಿಡಿಕೆಯಿರುವ ಹೊಸ ರಿಮೋಟು ತರಿಸಿದೆ. ಎಳೆದಷ್ಟು ಕೂಗು ಏರುತ್ತದೆ, ಸಡಿಲಿಸಿದಷ್ಟು ಇಳಿಯುತ್ತದೆ. ಈಗ ಯಂತ್ರದ ತಪ್ಪಿಲ್ಲ. ಕೈ ನನ್ನದು, ಅದೇ ತಪ್ಪು. ಕೂರಲಾಗುವುದಿಲ್ಲ, ಎದ್ದರೆ ಯಾತಕ್ಕೆ ಎದ್ದೆನೆಂದು ಗೊತ್ತಾಗುವುದಿಲ್ಲ, ತಿಂಡಿ ತಟ್ಟೆ ಹಳಿಯ ಪಕ್ಕದಲ್ಲೇ ಒಣಗುತ್ತದೆ.

ಟು ಬಿ ಫ್ರ್ಯಾಂಕ್, ಕೈಯ ಮಾತಿಗೇ ಬರಬೇಕಿತ್ತು. ಇದೇ ಮೇಜು. ಅವತ್ತು ನನ್ನ ಮೇಲಧಿಕಾರಿ ಊಟಕ್ಕೆ ಬಂದಿದ್ದರು. ನೀವು ಡ್ಯೂಟಿ ಮುಗಿಸಿ ನೇರ ಬಂದಿರಿ. ಎರಡು ಸಲ ಸೋಪು ಹಾಕಿ ಕೈ ತೊಳೆದದ್ದನ್ನು ನಾನೇ ನೋಡಿದ್ದೆ. ಆದರೂ ಉಗುರಿನ ಸಂದಿಯ ಮಸಿ ಕಂಡು, ಕೈ ತೊಳ್ಕೊಂಡು ಬನ್ನಿ ಭಾವ, ಇದು ಇಂಜಿನ್ ಶೆಡ್ ಅಲ್ಲ ಅಂದೆ. ಅಧಿಕಾರಿ ನಕ್ಕರು. ನೀವು ತಟ್ಟೆ ಸರಿಸಿ ಎದ್ದಿರಿ. ಅವಳನ್ನು ಒಯ್ಯುವ ದಿನವೂ ಹೊಸ್ತಿಲು ದಾಟಲಿಲ್ಲ.

ಆದರೆ ನೀವು ರಿಟೈರಾಗುವವರೆಗೆ, ಆರು ವರ್ಷ, ಮನೆಯ ಹಿಂದೆ ಹಾಯುವಾಗ ಕೂಗಿಸುವುದನ್ನು ಬಿಡಲಿಲ್ಲ. ಅವಳು ಒದ್ದೆ ಕೈಯಲ್ಲೇ ಹಿತ್ತಲಿಗೆ ಓಡುತ್ತಿದ್ದಳು. ಅಣ್ಣ ನನಗೋಸ್ಕರ ಕೂಗಿಸ್ತಾನೆ ಅನ್ನುತ್ತಿದ್ದಳು. ನನಗೆ ಹೊಟ್ಟೆಯುರಿ. ನಿನಗೋಸ್ಕರ ಏನಲ್ಲ, ಮುಂದೆ ರೈಲ್ವೆ ಗೇಟಿದೆ, ರೂಲು ಅದು, ಯಾರೇ ಓಡಿಸಿದರೂ ಇಲ್ಲಿ ಕೂಗಿಸಲೇಬೇಕು ಅಂದೆ. ಒಂದು ಸಲವಲ್ಲ, ಹತ್ತು ಸಲ ಅಂದೆ. ಅವಳು ಓಡುವುದನ್ನು ಬಿಟ್ಟಳು. ಒಳಗೇ, ಕಿಟಕಿಯ ಪರದೆ ಹಿಡಿದು ನಿಲ್ಲುತ್ತಿದ್ದಳು. ಖಾಲಿ ಹಿತ್ತಲು ಕಂಡು ನೀವು ಏನು ತಿಳಿದಿರೋ, ತಂಗಿಯೂ ಗಂಡನ ಕಡೆಗೆ ವಾಲಿದಳು ಅಂದುಕೊಂಡಿರೋ ಏನೋ. ಇಲ್ಲ ಭಾವ.

ಒಂದು ಸಲ ಬನ್ನಿ. ಆ ಹಿಡಿಕೆಯ ಮೇಲೆ ನಿಮ್ಮ ಬೆರಳಿಡಿ. ಬಾಲ ಒಂದು ಬಂದರೆ ಸಾಕು. ಕೈ ಹೇಗಿದೆಯೋ ಹಾಗೇ ತನ್ನಿ.

ಕ್ಷಮೆ ಕೇಳಲು ಇಷ್ಟು ತಡ ಮಾಡಿದ,
ಮಿಸ್ಟರ್ ಇಸ್ತ್ರಿ
(ನನ್ನ ಗರಿಗರಿ ಅಂಗಿ ನೋಡಿ ಹಾಗೆ ಕರೆಯುತ್ತಿದ್ದವರು ನೀವೊಬ್ಬರೇ)

ಇಷ್ಟು ಹೊತ್ತೂ ಬರೆಯದೆ ಉಳಿಸಿಕೊಂಡದ್ದು: ವಿಷಲ್ ಹಾಕಬೇಕಾದ ಕಡೆ ರೈಲ್ವೆಯವರು ಹಲಗೆ ನೆಟ್ಟಿರುತ್ತಾರಲ್ಲ, ಅದು ನಮ್ಮ ಹಿತ್ತಲಿನಿಂದ ಇನ್ನೂರ ಹದಿನಾರು ಹೆಜ್ಜೆ ಮುಂದಿತ್ತು; ಹಿತ್ತಲ ಹಿಂದೆ ಕೂಗಿಸುವ ರೂಲೇನೂ ಇರಲಿಲ್ಲ. ನೀವು ಊಟ ಬಿಟ್ಟು ಎದ್ದ ಮರುವಾರವೇ ಹಳಿಗುಂಟ ನಡೆದು ಎಣಿಸಿದ್ದೆ. ಅವಳಿಗೆ ರೂಲು ಅಂದದ್ದು ಅದಾದ ಮೇಲೆ.