ಒಗ್ಗರಣೆ ಇಲ್ಲದ ಹತ್ತು ದಿನ

ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 8.30

ತಿಂಡಿ ಆಯಿತು. ಮೂರೂ ಮಾತ್ರೆ ಆಯಿತು. ಹುಳದ ಮಾತ್ರೆಗೆ ಇವತ್ತು ಮೂರನೇ ದಿನ. ಇನ್ನು ಹನ್ನೊಂದು.

ಕರುಣಾ ರೊಟ್ಟಿಯ ಮೇಲೆ ತುಪ್ಪ ಸುರಿದಳು. ಒಣ ಊಟಕ್ಕೆ ಈ ಮಾತ್ರೆ ಮೈಗೆ ಹತ್ತುವುದಿಲ್ಲ, ಜಿಡ್ಡು ಬೇಕು ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದಾರೆ. ಅವರು ಹೇಳಿದ್ದನ್ನೆಲ್ಲ ಇವಳು ಕವರಿನ ಮೇಲೆ ಬರೆದಿಟ್ಟಿದ್ದಾಳೆ. ಊತದ ಮಾತ್ರೆ ಬಿಡಬಾರದು. ಫಿಟ್ಸ್ ಮಾತ್ರೆ ಬಿಡಲೇಬಾರದು. ಹುಳ ಸಾಯುವಾಗ ತಲೆನೋವು, ವಾಂತಿ ಬರಬಹುದು — ಬಂದರೆ ಫೋನ್. ಗಾಡಿ ಓಡಿಸುವಂತಿಲ್ಲ.

ಲಗೇಜ್ ಆಟೋದ ಕೀಲಿ ಬಚ್ಚಿಟ್ಟಿದ್ದಾಳೆ. ಕೇಳಿದೆ. "ನಿಮ್ ತಲಿಯಾಗಿರೋ ಬಾಡಿಗೆದಾರ ಮನೆ ಖಾಲಿ ಮಾಡ್ಲಿ, ಆಮೇಲೆ ಕೊಡ್ತೀನ್ರಿ" ಅಂದಳು.

ಯಾರಿಗೂ ಹೇಳಿಲ್ಲ. ಮೆದುಳಿನಲ್ಲಿ ಹುಳ ಅಂದರೆ ಹಂದಿ ತಿಂದಿದ್ದಾನೆ ಅನ್ನುತ್ತಾರೆ. ತೊಳೆಯದ ಸೊಪ್ಪಿನಿಂದಲೂ ಬರುತ್ತದಂತೆ. ಅದನ್ನು ಯಾರು ಕೇಳುತ್ತಾರೆ. ಗ್ಯಾಸ್ಟ್ರಿಕ್ ಮಾತ್ರೆ ಎಂದು ಹೇಳಿಕೊಂಡಿದ್ದೇವೆ. ಮಗಳು ತೃಪ್ತಿಗೂ ಅಷ್ಟೇ.

ಫೆಬ್ರವರಿ 15, ಶನಿವಾರ

ಬುಧವಾರ ಕರುಣಾ ಹೋದಳು.

ಬಟ್ಟೆ ಒಗೆಯುತ್ತಿದ್ದವಳು ಎದೆ ಹಿಡಿದು ಕೂತಳು. ಪಕ್ಕದ ಮನೆಯ ತಿಪ್ಪೇಶ ನಾನು ಓಡಿಸುತ್ತೇನೆ ಅಂದ. ಆಟೋ ಬಾಗಿಲಲ್ಲೇ ನಿಂತಿತ್ತು. ಕೀಲಿ ಸಿಗಲಿಲ್ಲ. ಎಲ್ಲಿ ಅಂತ ಕೇಳಿದರೆ ಅವಳಿಗೆ ಮಾತು ಬರಲಿಲ್ಲ. ಬೇರೆ ಗಾಡಿ ಬರುವಷ್ಟರಲ್ಲಿ...

ಬುಧವಾರ ಊತದ ಮಾತ್ರೆ ತಪ್ಪಿತು. ಗುರುವಾರವೂ. ಉಳಿದೆರಡು ನುಂಗಿದೆ.

ಕುಬಟೂರಿನಿಂದ ನನ್ನ ಅಕ್ಕ ಚೌಡಕ್ಕ ಬಂದಿದ್ದಾಳೆ. ಅಡುಗೆ ಅವಳದೇ. ಸಾವಿನ ಮನೆ, ಹನ್ನೊಂದನೆಯ ದಿನದವರೆಗೆ ಒಗ್ಗರಣೆ ಇಲ್ಲ. ಎಣ್ಣೆ ಇಲ್ಲ, ತುಪ್ಪ ಇಲ್ಲ. ಅನ್ನ, ಬೇಯಿಸಿದ ಬೇಳೆ, ಉಪ್ಪು. ಅದರ ಮೇಲೇ ಹುಳದ ಮಾತ್ರೆ ನುಂಗುತ್ತಿದ್ದೇನೆ. ಎಣಿಸಿ ನೋಡಿದೆ. ಹನ್ನೊಂದನೆಯ ದಿನ ಇಪ್ಪತ್ತೆರಡಕ್ಕೆ. ಮಾತ್ರೆ ಮುಗಿಯುವುದೂ ಅವತ್ತೇ.

ಫೆಬ್ರವರಿ 17, ಸೋಮವಾರ. ಮಧ್ಯಾಹ್ನ 3

ತಲೆ ಸಿಡಿಯುತ್ತಿದೆ. ಎರಡು ಸಲ ವಾಂತಿ. ಅತ್ತು ಅತ್ತು ಹೀಗಾಗಿದೆ ಅನ್ನುತ್ತಾರೆ ಬಂದವರು. ನಾನು ಇನ್ನೂ ಅತ್ತೇ ಇಲ್ಲ.

ಹಿತ್ತಲಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ. ಊತದ ಮಾತ್ರೆ ತಪ್ಪಿಸಿದ್ದಕ್ಕೆ ಬೈದರು. ಕೂಡಲೇ ಬನ್ನಿ ಅಂದರು. ಸೂತಕ ಕಳೆದ ಮೇಲೆ ಬರುತ್ತೇನೆ ಅಂದೆ. ಜಿಡ್ಡು ತಿನ್ನುತ್ತಿದ್ದೀರಲ್ಲ ಎಂದು ಕೇಳಿದರು. ಹೂಂ ಅಂದೆ.

ಯಾಕೆ ಹಾಗಂದೆನೋ. ಹೆಂಡತಿ ಸತ್ತ ಆರನೇ ದಿನಕ್ಕೆ ಗಂಡ ತುಪ್ಪ ಕೇಳಿದ — ಕೇರಿ ಇದನ್ನು ಮರೆಯುವುದಿಲ್ಲ.

ಫೆಬ್ರವರಿ 19, ಬುಧವಾರ

ಬೆಳಿಗ್ಗೆ ಎಡಗೈ ಬೆರಳುಗಳು ತಾವಾಗಿಯೇ ಅದುರಿದವು. ಲೋಟ ಬಿತ್ತು. ತೃಪ್ತಿ ನೋಡುತ್ತಿದ್ದಳು. ಎಂಟು ವರ್ಷದವಳು. ಲೋಟ ಎತ್ತಿಟ್ಟು, ಅದುರುವುದು ನಿಲ್ಲುವವರೆಗೆ ನನ್ನ ಕೈ ಹಿಡಿದುಕೊಂಡಳು. ಇವಳಿಗೆ ಇನ್ನು ಇರುವವನು ನಾನೊಬ್ಬ.

ಊಟಕ್ಕೆ ಕೂತಾಗ ಅತ್ತೆಗೆ ಹೇಳಿಬಿಟ್ಟೆ. ಕರುಣಾಳ ತಾಯಿ ಹುಚ್ಚಮ್ಮ, ತೊಗರ್ಸಿಯವರು. ಮೊದಲ ದಿನದಿಂದ ಗೋಡೆಗೆ ಒರಗಿ ಕೂತೇ ಇದ್ದಾರೆ. ಹುಳ, ಮಾತ್ರೆ, ತುಪ್ಪ, ಎಲ್ಲ ಹೇಳಿದೆ. ಹಂದಿ ತಿಂದಿಲ್ಲ ಅತ್ತೆ, ಎಂದೂ ಸೇರಿಸಿದೆ.

ಚೌಡಕ್ಕ ಕೇಳಿಸಿಕೊಂಡಳು. "ಇನ್ನು ಮೂರು ದಿನ ತಡಿಯಕ್ಕಾಗಲ್ವೇನೋ ತಮ್ಮಾ? ಬಂದೋರು ಏನಂತಾರೆ?"

ಅತ್ತೆ ಎದ್ದರು. ಅಡುಗೆಮನೆಯಲ್ಲಿ ಡಬ್ಬಿ ಸರಿಸುವ ಸದ್ದು. ತುಪ್ಪ ತಂದು ಅನ್ನದ ಮೇಲೆ ಸುರಿದರು. ಕರುಣಾ ಸುರಿಯುತ್ತಿದ್ದಷ್ಟೇ.

"ಸತ್ತಾಕಿ ನನ್ ಮಗಳು. ಪಾಪ ಬಂದ್ರ ನನಗ ಬರ್ಲಿ. ನೀವು ಉಣ್ರಿ."

ಅವರ ಇನ್ನೊಂದು ಕೈಯಲ್ಲಿ ಆಟೋದ ಕೀಲಿ. ತುಪ್ಪದ ಡಬ್ಬಿಯ ಹಿಂದೆ ಇತ್ತಂತೆ. ಆ ಡಬ್ಬಿಯನ್ನು ಒಂದು ವಾರದಿಂದ ಯಾರೂ ಮುಟ್ಟಿರಲಿಲ್ಲ.

ಪೂರ್ತಿ ಉಂಡೆ. ಮಾತ್ರೆ ನುಂಗಿದೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಫೆಬ್ರವರಿ 21, ಶುಕ್ರವಾರ. ಸಂಜೆ 6

ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬಂದೆ. ಹುಚ್ಚಮ್ಮನವರೂ ಬಂದಿದ್ದರು. ಸುಳ್ಳು ಹೇಳಿದ್ದನ್ನು ಡಾಕ್ಟರ ಮುಂದೆ ಒಪ್ಪಿಕೊಂಡೆ. ಈ ಸಲ ಬೈಯಲಿಲ್ಲ. ಲಿವರ್ ಪರೀಕ್ಷೆಗೆ ರಕ್ತ ತೆಗೆದರು. ಒಣ ಅನ್ನ ಉಂಡ ದಿನಗಳನ್ನು ನಂಬುವಂತಿಲ್ಲ, ರಿಪೋರ್ಟ್ ಸರಿಯಿದ್ದರೆ ಮಾತ್ರೆ ಇನ್ನೂ ಹತ್ತು ದಿನ ಮುಂದುವರಿಸೋಣ ಅಂದರು. ಹುಳ ಸತ್ತೈತೇನ್ರಿ ಎಂದು ಅತ್ತೆ ಕೇಳಿದರು. ಮೂರು ತಿಂಗಳ ಮೇಲೆ ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದಂತೆ.

ಹೊಸ ಕವರಿನ ಮೇಲೆ ಏನೂ ಬರೆದಿಲ್ಲ. ಹೊಸ ಮಾತ್ರೆಯನ್ನು ಹಳೆಯ ಕವರಿಗೇ ಹಾಕಿಟ್ಟೆ.

ಕೀಲಿ ತೃಪ್ತಿಗೆ ಕೊಟ್ಟೆ. ಎಲ್ಲಿಡಲಿ ಅಂದಳು. ಎಲ್ಲಾದರೂ ಇಡು, ಅಜ್ಜಿಗೆ ತೋರಿಸಿ ಇಡು ಅಂದೆ.

ನಾಳೆ ಹನ್ನೊಂದನೆಯ ದಿನ. ಬೆಳಿಗ್ಗೆ ಒಗ್ಗರಣೆ ಹಾಕುತ್ತಾರೆ.