ಪರಿಮಳದ ಹಿಟ್ಟು

ಬಾಯಾರು, 12-6-2012

ಕೂಸಪ್ಪಣ್ಣನಿಗೆ ಅಂಗನವಾಡಿ ಟೀಚರ್ ಮೋಹಿನಿಯ ನಮಸ್ಕಾರ.

"ಕಣ್ಣು ಕಾಣದ ಮಗು ಅಲ್ಲಿ ಎಂತ ಆಡುವುದು?" ಎಂದು ಕೇಳಿ, ಮೊಮ್ಮಗಳು ತೃಷಾಳನ್ನು ಅಂಗನವಾಡಿಯಿಂದ ಬಿಡಿಸುತ್ತೇನೆ ಎಂದಿರಿ. ತಪ್ಪು ನನ್ನದು. ಮಕ್ಕಳು ಉಂಡೆ ಮಾಡಿ ಆಡುವ ಹಿಟ್ಟಿಗೆ ಇಷ್ಟು ದಿನ ಬಣ್ಣ ಮಾತ್ರ ಹಾಕುತ್ತಿದ್ದೆ.

ನಿನ್ನೆ ಮೈದಾಕ್ಕೆ ಉಪ್ಪು, ಎಣ್ಣೆ ಹಾಕಿ ಕಲಸಿ, ಹಳದಿ ಉಂಡೆಗೆ ಏಲಕ್ಕಿ, ಹಸಿರು ಉಂಡೆಗೆ ಪುದೀನ ಸೇರಿಸಿದೆ. ತೃಷಾ ಎರಡನ್ನೂ ಮೂಸಿ ನೋಡಿ ಅಲ್ಲೇ ಹೋಟೆಲ್ ಇಟ್ಟಳು. "ಲಡ್ಡು ಉಂಟು, ಚಟ್ನಿ ಉಂಟು, ನಿಮಗೆ ಎಂತ ಬೇಕು?" ಎಂದು ಎಲ್ಲರಿಗೂ ಬಡಿಸಿದಳು. ಜೊತೆಯ ಹುಡುಗ ಭವಿತ್ ಅವಳನ್ನು ಏಮಾರಿಸಲು ಲಡ್ಡು ಎಂದು ಹೇಳಿ ಹಸಿರು ಉಂಡೆ ಕೊಟ್ಟರೆ, ಮೂಸಿ ನೋಡಿ "ಇದು ಚಟ್ನಿ ಮಾರಾಯ!" ಎಂದು ಜೋರಾಗಿ ನಕ್ಕಳು.

ಅವಳನ್ನು ಬಿಡಿಸಬೇಡಿ. ಗುರುವಾರ ಹತ್ತು ಗಂಟೆಗೆ ನೀವೂ ಬನ್ನಿ, ಮಕ್ಕಳ ಜೊತೆ ಚಾಪೆಯಲ್ಲಿ ಕೂತುಕೊಳ್ಳಿ. ಅವಳು ಬಡಿಸಿದ್ದನ್ನು ತಿಂದ ಹಾಗೆ ಮಾಡಿ. ಚಪ್ಪರಿಸುವ ಸದ್ದು ಸ್ವಲ್ಪ ಜೋರಾಗಿಯೇ ಇರಲಿ, ಅವಳಿಗೆ ಕೇಳಬೇಕು.

ಇತಿ,
ಮೋಹಿನಿ ಟೀಚರ್